ಬೈದು ಬದುಕಿಸಿದವರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಹೇಸರಗತ್ತೆಗಳು ನಿಂತುಬಿಟ್ಟವು. ಆಗಷ್ಟೇ ನಾನು ಗಡಿಯಾರ ತೆಗೆದು, ಕಣಿವೆಯ ನೆತ್ತಿ ದಾಟುವಷ್ಟು ಬೆಳಕು ಉಳಿದೀತೇ ಎಂದು ನೋಡಿದ್ದೆ. ಗಡಿಯಾರ ಜೇಬಿಗಿಳಿಸಿ ತಲೆಯೆತ್ತುವಷ್ಟರಲ್ಲಿ ಮುಂದಿನ ಪ್ರಾಣಿ ನಿಂತಿತ್ತು. ಅದರ ಹಿಂದಿನದೂ, ಅದರ ಹಿಂದಿನದೂ. ಹೊಡೆದರೆ ಕದಲಲಿಲ್ಲ, ಎಳೆದರೆ ಬರಲಿಲ್ಲ. ಒಂದೊಂದಾಗಿ ಎಲ್ಲವೂ ತಿರುಗಿ, ಬೆಟ್ಟದ ನೆತ್ತಿಗೆ ಬೆನ್ನು ಕೊಟ್ಟು, ಕಿವಿ ಮಡಚಿಕೊಂಡು ನಿಂತವು. ಗಾಳಿ ಇನ್ನೂ ಬಂದಿರಲಿಲ್ಲ. ಅವುಗಳಿಗೆ ಮಾತ್ರ ಗೊತ್ತಾಗಿತ್ತು.

"ಯಾಕ ನಿಂತ್ರಲೇ? ನಿಮ್ಮ ಮಾವನ ಮನಿ ಬಂತೇನು?" ಎಂದು ಸಾಲಿನ ಹಿಂದಿನಿಂದ ಒಂದು ಧ್ವನಿ ಬಂತು. ಬೈದದ್ದು ಹೇಸರಗತ್ತೆಗಳಿಗೋ ನಮಗೋ ತಿಳಿಯಲಿಲ್ಲ.

ಆ ಧ್ವನಿಯವರು ಹೋದ ವಾರ ಕಮಲಾಪುರದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ದವಾಖಾನೆಯ ಮುಂದೆ ಊರೇ ಸೇರಿತ್ತು. ಒಬ್ಬ ಮುದುಕಿ ಎದೆ ಬಡಿದುಕೊಂಡು, "ಇನ್ನ ನಮಗ ಬೈಯೋರು ಯಾರೋ ಯಪ್ಪಾ!" ಎಂದು ಅಳುತ್ತಿದ್ದಳು. ಬೇರೆ ಊರಿನವರು ಕೇಳಿದ್ದರೆ ನಗುತ್ತಿದ್ದರೇನೋ. ಅಲ್ಲಿ ಯಾರೂ ನಗಲಿಲ್ಲ. ಮನೆಗೆ ಬಂದ ಮೇಲೆ ಆ ಮಧ್ಯಾಹ್ನ ಮತ್ತೆ ನನ್ನ ಕಣ್ಣ ಮುಂದೆ ಓಡತೊಡಗಿದೆ. ಇಷ್ಟು ವರ್ಷಗಳಾದರೂ ಅದು ಎಲ್ಲಿಂದ ಶುರುವಾಗುತ್ತದೆ ಎಂಬುದು ಬದಲಾಗಿಲ್ಲ. ಬರೆದಿಟ್ಟರೆ ಅವರ ಋಣದ ಒಂದು ಮೂಲೆಯಾದರೂ ತೀರೀತು.

ಅವರ ಹೆಸರು ಬರೆಯುವುದಿಲ್ಲ. ಬರಿಯ ಹೆಸರು ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಸಬ್ ಅಸಿಸ್ಟೆಂಟ್ ಸರ್ಜನ್ ಅಂತ ಪೂರಾ ಹೇಳು. ಅರ್ಧಾ ಹೇಳಿದ್ರ ಕಂಪೌಂಡರ್ ಅಂತ ತಿಳೀತಾರ" ಎನ್ನುತ್ತಿದ್ದರು. ನಾವು ಡಾಕ್ಟರ್ ಸಾಹೇಬರು ಎಂದೇ ಕರೆಯುತ್ತಿದ್ದೆವು. ಅವರು ನನ್ನನ್ನು ಎರಡು ಸಲ ಬದುಕಿಸಿದರು. ಮೊದಲ ಸಲ ಗಡಿಯ ಹಿಮದಲ್ಲಿ. ಎರಡನೆಯ ಸಲ ಕಮಲಾಪುರದ ದವಾಖಾನೆಯಲ್ಲಿ. ಎರಡನೆಯದೇ ಕಷ್ಟದ್ದಾಗಿತ್ತು.

ನಾನು ಕಲಬುರ್ಗಿಯ ಶಹಾಬಜಾರದವನು. ನಮ್ಮದು ಅರಿವೆಯ ಅಂಗಡಿ. ಹೈದರಾಬಾದಿನಲ್ಲಿ ಕಾಲೇಜು ಮುಗಿಸಿ, ಅಂಗಡಿಯ ಗಾದಿಯ ಮೇಲೆ ಕೂಡಲು ಮನಸ್ಸಿಲ್ಲದೆ, ಸಿಕಂದರಾಬಾದಿನ ದಂಡಿನಲ್ಲಿ ಕಾರಕೂನನಾಗಿ ಸೇರಿಕೊಂಡೆ. ಇಂಗ್ಲಿಷ್, ಉರ್ದು ಎರಡೂ ಬರೆಯಬಲ್ಲವನು ಅವರಿಗೆ ಬೇಕಿತ್ತು. ಊರು ಬಿಟ್ಟು ದೂರ ಹೋಗುವುದು ನನಗೆ ಬೇಕಿತ್ತು. ದೊಡ್ಡ ಯುದ್ಧ ಮುಗಿದಿದ್ದರೂ ವಾಯವ್ಯದ ಗಡಿಯಲ್ಲಿ ಮುಗಿದಿರಲಿಲ್ಲ. ನಮ್ಮದು ಹೇಸರಗತ್ತೆಗಳ ಮೇಲೆ ದವಸ, ಮದ್ದುಗುಂಡು ಸಾಗಿಸುವ ದಳ. ಹೇಸರಗತ್ತೆ ನಡೆಸುವವರಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ: ಕಲಬುರ್ಗಿ, ಚಿಂಚೋಳಿ, ಬೀದರಿನ ಒಕ್ಕಲಿನ ಹುಡುಗರು. ಎರೆಭೂಮಿಯಲ್ಲಿ ಹುಟ್ಟಿದವರು. ಗುಡ್ಡವೆಂದರೆ ಹೊಲದಂಚಿನ ದಿಬ್ಬ ಎಂದು ತಿಳಿದವರು.

ಡಾಕ್ಟರ್ ಸಾಹೇಬರನ್ನು ಮೊದಲ ಸಲ ನೋಡಿದಾಗ ನನಗೆ ಅವರು ಹಿಡಿಸಿರಲಿಲ್ಲ. ಮೇಣ ಹಚ್ಚಿ ತಿರುವಿದ ಮೀಸೆ. ಸಿಕಂದರಾಬಾದಿನಲ್ಲಿ ಹೊಲಿಸಿದ, ಕಾಲಿಗೆ ಅಂಟಿದಂತಿದ್ದ ಬೂಟು. "ಕಮಲಾಪುರ ಗೌಡರು ಗೊತ್ತಿಲ್ಲೇನು? ಅವರ ಮನಿ ಬಾಜೂ ಮನೀನೇ ನಮ್ದು" ಎಂದು ಪರಿಚಯ ಹೇಳಿಕೊಳ್ಳುವ ಠೀವಿ. ಹೇಸರಗತ್ತೆಗಳೆಂದರೆ ಅವರಿಗೆ ಹೆದರಿಕೆ. ಅದನ್ನು ಮುಚ್ಚಿಡಲು ಅವುಗಳಿಂದ ಹತ್ತು ಮಾರು ದೂರ ನಿಂತು ಅವುಗಳ ವಂಶವನ್ನೆಲ್ಲ ಜಾಲಾಡುತ್ತಿದ್ದರು. ನಾನು ಕಾಲೇಜಿನವನೆಂದು ತಿಳಿದ ದಿನದಿಂದ ನನಗೆ ನನ್ನ ಹೆಸರೇ ಹೋಯಿತು. "ಏ ಕಾಲೇಜ್, ಬಾ ಇಲ್ಲಿ. ಏ ಕಾಲೇಜ್, ಈ ಶೀಶೆ ಮ್ಯಾಲ ಏನ್ ಬರದಾರ ಓದು. ನನ್ನ ಚಷ್ಮಾ ಎಲ್ಲೋ ಹೋಗ್ಯಾದ." ಚಷ್ಮಾ ಅವರ ಹಣೆಯ ಮೇಲೇ ಇರುತ್ತಿತ್ತು.

ಎತ್ತರ ಮನುಷ್ಯನನ್ನು ಏನು ಮಾಡುತ್ತದೆ ಎಂಬುದು ನಮಗೆ ಮೊದಲು ತಿಳಿದದ್ದು ಒಲೆಯ ಮುಂದೆ. ತೊಗರಿಬೇಳೆ ಕುದಿಯುತ್ತಿತ್ತು, ಬೇಯುತ್ತಿರಲಿಲ್ಲ. ಸೌದೆ ತುಂಬಿದಷ್ಟೂ ಗುಳ್ಳೆ ಏಳುತ್ತಿತ್ತು. ಬಾಯಿಗೆ ಹಾಕಿದರೆ ಕಲ್ಲು. ತೊಗರಿಯ ನಾಡಿನಿಂದ ಬಂದ ಹುಡುಗರಿಗೆ ಇದು ದೊಡ್ಡ ಅಪಶಕುನವಾಗಿ ಕಂಡಿತು. ಬೇಳೆಗೆ ಯಾರೋ ಮಾಟ ಮಾಡಿದ್ದಾರೆ ಎಂದರು. ಸಾಹೇಬರು ಮುಟಿಗೆ ಬೇಳೆ ಬಾಯಿಗೆ ಹಾಕಿಕೊಂಡು ಕಟಕಟ ಅಗಿದು, "ಮಾಟ ಅಲ್ಲ, ಇಲ್ಲಿ ಗಾಳಿ ತೆಳ್ಳಗದ. ನೀರು ಕಾಯೂಕಿಂತ ಮದಲೇ ಕುದೀತದ. ಮಂದಿನೂ ಹಂಗೇ ಆಗ್ಯಾರ, ನೋಡ್ರಿ" ಎಂದರು.

ಅದು ನಿಜವಾಗಿತ್ತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು ಕಂಬಳಿಯ ತುದಿಗಾಗಿ ಹೊಡೆದಾಡಿಕೊಂಡರು. ಅಡುಗೆಯವನು ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕುತ್ತಿದ್ದ. ನಾನು ಬರೆಯುವಾಗ ಸಾಲಿನ ನಡುವೆ ನಿಂತು, ಯಾವ ಭಾಷೆಯಲ್ಲಿ ಬರೆಯುತ್ತಿದ್ದೇನೆ ಎಂದು ಯೋಚಿಸುತ್ತಿದ್ದೆ. ಎದುರಿನ ಬೆಟ್ಟ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಬೆಳಗ್ಗೆ ಹೊರಟರೆ ಸಂಜೆಯಾದರೂ ಅಷ್ಟೇ ಹತ್ತಿರ ಇರುತ್ತಿತ್ತು. ಮಲಗಿದವರ ಉಸಿರು ನಿಂತುಹೋಗುತ್ತಿತ್ತು. ಸತ್ತನೇನೋ ಎನ್ನುವಷ್ಟರಲ್ಲಿ ನೀರಿನಿಂದ ಮೇಲೆ ಬಂದವನ ಹಾಗೆ ಬಾಯಿ ತೆರೆದು ಎದ್ದು ಕೂಡುತ್ತಿದ್ದರು. ಎಲ್ಲರಿಗೂ ಊರು ನೆನಪಾಗುತ್ತಿತ್ತು, ಆದರೆ ಯಾರೂ ಊರಿನ ಮಾತು ಎತ್ತುತ್ತಿರಲಿಲ್ಲ. ಮಾತಾಡಲು ಉಸಿರು ಸಾಲದೆಂದು ಒಬ್ಬೊಬ್ಬರೇ ಕಂಬಳಿಯೊಳಗೆ ಸೇರಿಕೊಳ್ಳುತ್ತಿದ್ದರು.

ಎಲ್ಲರಿಗೂ ತಲೆ ಸಿಡಿಯುತ್ತಿತ್ತು. ನಮ್ಮ ಕಡೆ ತಲೆ ನೋಯುತ್ತದೆಂದರೆ ರುಮಾಲು ಬಿಗಿದು ಕಟ್ಟುತ್ತಾರೆ. ಮಂಡಿ ನೋಯುತ್ತದೆಂದರೆ ಅಲ್ಲೊಂದು ಅರಿವೆ ಬಿಗಿಯುತ್ತಾರೆ. ಹೊಟ್ಟೆ ನೋವಿಗೂ ಸೊಂಟಕ್ಕೆ ಗಂಟು. ನಮ್ಮ ಹುಡುಗರೂ ಅದನ್ನೇ ಮಾಡಿದರು. ಕಾಲು ಜೋಮು ಹಿಡಿದಂತಾದಾಗ ರುಮಾಲು ಹರಿದು, ಪಾದದಿಂದ ಮೀನಖಂಡದವರೆಗೆ ಎರಡೆರಡು ಸುತ್ತು ಬಿಗಿದರು. ಮೇಲೆ ಸರಕಾರ ಕೊಟ್ಟ ಉಣ್ಣೆಯ ಪಟ್ಟಿಯನ್ನೂ ಎಳೆದು ಸುತ್ತಿದರು. ಚಳಿ ಒಳಗೆ ಹೋಗಬಾರದೆಂದು ಅವರ ಲೆಕ್ಕ. ಆದರೆ ಬಿಗಿದ ಕಾಲಿಗೆ ರಕ್ತವೂ ಹೋಗುತ್ತಿರಲಿಲ್ಲ. ಮೊದಲ ಹಿಮ ಬಿದ್ದ ವಾರದಲ್ಲಿ ಒಬ್ಬನ ಪಾದ ಕಪ್ಪಾಯಿತು. ಸಾಹೇಬರೂ ಮೊದಲು ಅದನ್ನು ಬಿಗಿದೇ ಕಟ್ಟಿದ್ದರು. ಅವರೂ ಕಮಲಾಪುರದವರೇ ಅಲ್ಲವೇ! ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಆ ಪಾದವನ್ನು ತೆಗೆಯಬೇಕಾಯಿತು. ಅಲ್ಲಿಯ ಗೋರಾ ಸರ್ಜನ್ ಎಲ್ಲರೆದುರು ಬೈದನಂತೆ.

ಇದನ್ನು ಅವರೇ ನಮಗೆ ಹೇಳಿದರು, ಮುಚ್ಚುಮರೆಯಿಲ್ಲದೆ. "ನಮ್ಮವ್ವ ಕಟ್ಟಿದಂಗ ನಾ ಕಟ್ಟಿದೆ. ನಮ್ಮವ್ವಗ ಹಿಮ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಇವತ್ತಿನಿಂದ ಯಾವನರೆ ಬಿಗಿದು ಕಟ್ಟಿದ್ರ ಅವನ ಕೈ ಕಟ್ಟಸ್ತೀನಿ." ಅಂದಿನಿಂದ ಪ್ರತಿ ಸಂಜೆ ಡೇರೆಯಿಂದ ಡೇರೆಗೆ ಬಂದು ಎಲ್ಲರ ಕಾಲಿನ ಸುತ್ತು ಬಿಚ್ಚಿಸುತ್ತಿದ್ದರು. ಹುಡುಗರು ಎದುರಿಗೆ ಬಿಚ್ಚಿ, ಅವರು ಹೋದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಅವರು ಮತ್ತೆ ತಿರುಗಿ ಬಂದು ಹಿಡಿಯುತ್ತಿದ್ದರು.

ಹೇಸರಗತ್ತೆಗಳು ನಿಂತ ಆ ಮಧ್ಯಾಹ್ನ ನಾವು ಮೇಲಿನ ಠಾಣ್ಯಕ್ಕೆ ದವಸ ಒಯ್ಯುತ್ತಿದ್ದೆವು. ಗೋರಾ ಕ್ಯಾಪ್ಟನ್ ಸಾಲಿನ ಮುಂಭಾಗದ ಜೊತೆ ನೆತ್ತಿ ದಾಟಿ ಹೋಗಿಯಾಗಿತ್ತು. ಹಿಂದಿನ ಅರ್ಧದಲ್ಲಿ ನಾನು, ಸಾಹೇಬರು, ನಮ್ಮ ಕಡೆಯ ಹುಡುಗರು ಉಳಿದೆವು. ಗಾಳಿ ಬಂದಾಗ ಮುಂದಿದ್ದ ಬೆಟ್ಟ, ಹಿಂದಿದ್ದ ದಾರಿ ಎರಡೂ ಅಳಿಸಿಹೋದವು. ಬಾಯಿ ತೆರೆದರೆ ಬಾಯೊಳಗೆ ಹಿಮ. ಸಾಹೇಬರು ಒಬ್ಬರ ಅಂಗಿ ಒಬ್ಬರು ಹಿಡಿಯುವಂತೆ ಕೂಗಿ ಹೇಳಿ, ಕದಲದ ಹೇಸರಗತ್ತೆಗಳನ್ನು ಅಲ್ಲೇ ಬಿಟ್ಟು, ದಾರಿಯ ಪಕ್ಕದ ಒಂದು ಕುರಿದೊಡ್ಡಿಗೆ ನಮ್ಮನ್ನು ಎಳೆದುಕೊಂಡು ಹೋದರು. ನಾಲ್ಕು ಕಡೆ ಕಲ್ಲಿನ ಮೋಟುಗೋಡೆ, ಮೇಲೆ ಏನೂ ಇಲ್ಲ.

ಅಲ್ಲಿ ಎಲ್ಲರೂ ಮೊದಲು ಮಾಡಿದ್ದು ರುಮಾಲು ಬಿಗಿಯುವ ಕೆಲಸ.

"ಬಿಚ್ಚು."

"ತಲಿ ಒಡೀಲಾಕತ್ತದರಿ ಸಾಹೇಬ್ರ."

"ಒಡದ್ರ ನಾ ಹೊಲೀತೀನಿ. ಕಾಲಿಂದು ಬಿಚ್ಚು ಮದಲ. ಬೆರಳು ಆಡಸು. ಆಡಸ್ತಿಯೋ ಇಲ್ಲಾ ಮುರೀಲೋ?"

ಕೂತವರನ್ನು ಎಬ್ಬಿಸಿದರು. ಎದ್ದವರನ್ನು ಜೋಡಿ ಮಾಡಿ, ಒಬ್ಬನ ಪಾದ ಇನ್ನೊಬ್ಬನ ಹೊಟ್ಟೆಯ ಮೇಲೆ ಇಡಿಸಿದರು. ಒಬ್ಬೊಬ್ಬರಿಗೂ ಬೇರೆ ಬೇರೆ ಬೈಗುಳ. ಯಾರಿಗೆ ಯಾವುದು ಚುಚ್ಚುತ್ತದೆ ಎಂದು ಅವರು ಯಾವಾಗ ತಿಳಿದುಕೊಂಡಿದ್ದರೋ! ಬೀದರಿನವನಿಗೆ ಅವನ ಉರ್ದುವಿನ ಬಗ್ಗೆ. ಹೊಸದಾಗಿ ಮದುವೆಯಾದವನಿಗೆ ಅವನ ಮಾವನ ಬಗ್ಗೆ. ಆಮೇಲೆ ಒಂದು ದಿನ ಕೇಳಿದ್ದಕ್ಕೆ, "ಸಿಟ್ಟು ಇರೋ ತನಕ ರಕ್ತ ಓಡ್ತದ. ಸಮಾಧಾನ ಹೇಳಿದ್ರ ಮಲಗ್ತಾರ" ಎಂದಿದ್ದರು.

ನಮ್ಮಲ್ಲಿ ಚಿಂಚೋಳಿ ಕಡೆಯ ಒಬ್ಬ ಹುಡುಗನಿದ್ದ. ದಳದಲ್ಲೇ ಹೆಚ್ಚು ಚಳಿಯ ಮನುಷ್ಯ. ಬಿಸಿಲಿನಲ್ಲೂ ಎರಡು ಕೋಟು ಬಿಡುತ್ತಿರಲಿಲ್ಲ. ನನಗೆ ಬೇಕಾದವನು. ಕತ್ತಲಾಗುವ ಮುಂಚೆ ಅವನು ಎದ್ದು ನಿಂತ. ಮುಖ ಅರಳಿತ್ತು. ಮೇಲಿನ ಕೋಟು ತೆಗೆದ, ಒಳಗಿನದನ್ನೂ ತೆಗೆದ. ಎರಡನ್ನೂ ಬಾವಿಗೆ ಈಜಲು ಇಳಿಯುವವನ ಹಾಗೆ ನೀಟಾಗಿ ಮಡಚಿ ಗೋಡೆಯ ಮೇಲಿಟ್ಟ. "ಶೆಕಿ ಆಗಾಕತ್ತದ" ಎಂದು ನನ್ನ ಕಡೆ ನೋಡಿ ನಕ್ಕ. ದೊಡ್ಡಿಯ ಬಾಯಿಯಿಂದ ಹೊರಗೆ ಹೋದ.

ಸಾಹೇಬರು ಅವನ ಹಿಂದೆ ಓಡಿದರು. ಅವರ ಕೂಗು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಗಾಳಿ ಮಾತ್ರ. ಮರಳಿ ಬಂದಾಗ ಅವರೊಬ್ಬರೇ. ಮೀಸೆ ಹಿಮಗಟ್ಟಿತ್ತು. ಮಡಚಿಟ್ಟಿದ್ದ ಕೋಟುಗಳನ್ನು ತೆಗೆದು ಇಬ್ಬರಿಗೆ ಹೊದಿಸಿದರು.

ಸ್ವಲ್ಪ ಹೊತ್ತಿಗೆ ನನಗೂ ಬೆಚ್ಚಗಾಗತೊಡಗಿತು. ಇದನ್ನು ಹೇಗೆ ಬರೆಯಬೇಕೆಂದು ಇಂದಿಗೂ ನನಗೆ ಗೊತ್ತಿಲ್ಲ. ಪಾದದಿಂದ ಮೇಲಕ್ಕೆ ಹಿತವಾದ ಒಂದು ಬಿಸುಪು ಏರಿ ಬಂತು. ನಮ್ಮ ಮನೆಯ ಮಾಳಿಗೆ, ಬಿಸಿಲಿಗೆ ಕಾದ ಗಚ್ಚು ಬೆನ್ನಿಗೆ ತಾಗಿದಂತಾಯಿತು. ಕೆಳಗೆ ಅವ್ವ ರೊಟ್ಟಿ ಬಡಿಯುವ ಸದ್ದು. ಯಾವ ನೋವೂ ಇಲ್ಲ, ಯಾವ ಆಸೆಯೂ ಇಲ್ಲ. ಗೋಡೆಗೆ ಒರಗಿ ಕೂತುಬಿಟ್ಟೆ. ನನ್ನ ಕೈ ಕೋಟಿನ ಗುಂಡಿಯ ಮೇಲಿತ್ತು.

"ಏ ಕಾಲೇಜ್! ಕೂತಿ ಯಾಕ? ಪರೀಕ್ಷಾ ಮುಗೀತೇನು?"

"ಎರಡು ನಿಮಿಷ, ಸಾಹೇಬ್ರೇ."

"ನಿಮ್ಮ ಕಲಬುರ್ಗಿ ಮಂದಿಗಿ ಕೂಡೂದು ಹೇಳಿಕೊಡಬೇಕಿಲ್ಲ. ಗಾದಿ ಮ್ಯಾಲೇ ಹುಟ್ಟಿದವರು. ನಿಮ್ಮಪ್ಪ ಅರಿವಿ ಅಳೀವಾಗ ಗಜಕ್ಕ ನಾಕು ಬೆರಳು ನುಂಗ್ತಾನ. ಕಮಲಾಪುರಕ್ಕೆಲ್ಲ ಗೊತ್ತದ."

"ನಮ್ಮಪ್ಪನ ಸುದ್ದಿ ತೆಗೀಬ್ಯಾಡ್ರಿ."

"ತೆಗದ್ರ ಏನ್ ಮಾಡ್ತಿ? ಕೂತಲ್ಲಿಂದ ಏಳಾಕ ಆಗಂಗಿಲ್ಲ, ನನಗ ಹೊಡೀತಿ? ಕಳ್ಳನ ಮಗ!"

ನಾನು ಎದ್ದೆ. ಅವರ ಕಾಲರ್ ಹಿಡಿದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು, ಆ ನೀರು ಅಲ್ಲೇ ಗಟ್ಟಿಯಾಯಿತು. ಅವರು ನನ್ನ ಎರಡೂ ಕೈಗಳನ್ನು ತಮ್ಮ ಕಂಕುಳಲ್ಲಿ ಸಿಕ್ಕಿಸಿಕೊಂಡು, ನಾನು ಬಿಡಿಸಿಕೊಳ್ಳಲು ಒದ್ದಾಡುವಷ್ಟು ಹೊತ್ತೂ ನಮ್ಮಪ್ಪನನ್ನು ಬೈಯುತ್ತಲೇ ಇದ್ದರು. ಒದ್ದಾಡಿದ ಹಾಗೆ ಆ ಬಿಸುಪು ಹೋಯಿತು, ಚಳಿ ಬಂತು, ನೋವು ಬಂತು. ಎಷ್ಟೋ ವರ್ಷಗಳ ಮೇಲೆ, ನಮ್ಮಪ್ಪನ ಅಂಗಡಿಯ ಬಗ್ಗೆ ನಿಮಗೆ ಯಾರು ಹೇಳಿದ್ದು ಎಂದು ಕೇಳಿದೆ. "ನಿಮ್ಮಪ್ಪನ ಅಂಗಡಿ ಎಲ್ಲಿ ಅದ ಅಂತನೇ ನನಗ ಗೊತ್ತಿರಲಿಲ್ಲ" ಎಂದರು.

ಆ ರಾತ್ರಿಯ ಉಳಿದ ಭಾಗವನ್ನು ನಾನು ಬರೆಯಲಾರೆ. ಬೆಳಗ್ಗೆ ಗಾಳಿ ನಿಂತಿತ್ತು. ಮೇಲಿನ ಠಾಣ್ಯದವರು ನಮ್ಮನ್ನು ಹುಡುಕಿಕೊಂಡು ಇಳಿದು ಬಂದರು. ಚಿಂಚೋಳಿಯ ಹುಡುಗ ದೊಡ್ಡಿಯಿಂದ ಬಹಳ ದೂರವೇನೂ ಹೋಗಿರಲಿಲ್ಲ. ಅವನ ಮುಖದಲ್ಲಿ ಆ ನಗು ಹಾಗೇ ಇತ್ತು. ಉಳಿದವರೆಲ್ಲ ಬದುಕಿದ್ದೆವು. ಸಾಹೇಬರು ಒಂದು ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ, ಯಾರನ್ನೋ ದನಿ ಸತ್ತ ಗಂಟಲಿನಿಂದ ಬೈಯುತ್ತಿದ್ದರು. ಅಲ್ಲಿ ಯಾರೂ ಇರಲಿಲ್ಲ.

"ನನ್ನ ಬಾಜೂ ಒಬ್ಬಾಂವ ಬಂದು ಕೂತಿದ್ನೋ" ಎಂದು ಆಮೇಲೆ ಆಸ್ಪತ್ರೆಯಲ್ಲಿ ನನಗೆ ಹೇಳಿದರು. "ನಮ್ಮ ದಳದಾಂವ ಅಲ್ಲ. ಮಾರಿ ಕಾಣವಲ್ದು. ಮಾತಾಡವಲ್ಲ. ಹೆದರಿಕಿ ಏನೂ ಆಗಲಿಲ್ಲ, ಖರೇ ಹೇಳ್ತೀನಿ. ಆದ್ರ ಅವನೂ ಮಲಗಿಬಿಟ್ರ ಹ್ಯಾಂಗ ಅಂತ ಅವನಿಗೂ ಬೈದೆ."

ಎಲ್ಲರ ಕಾಲು ಬಿಚ್ಚಿಸಿದವರು ತಮ್ಮ ಬೂಟು ಮಾತ್ರ ಬಿಚ್ಚಿರಲಿಲ್ಲ. ಒಂದು ಸಲ ಬಿಚ್ಚಿದರೆ ಮತ್ತೆ ಹಾಕಿಕೊಂಡು ಹುಡುಗರ ನಡುವೆ ಓಡಾಡಲು ಆಗುತ್ತದೋ ಇಲ್ಲವೋ ಎಂದು. ಚೆಂದಕ್ಕೆಂದು ಬಿಗಿಯಾಗಿ ಹೊಲಿಸಿದ ಬೂಟು. ಎಡಗಾಲಿನ ಬೆರಳುಗಳು ಹೋದವು. "ಸರಕಾರ ನನಗ ಮೆಡಲ್ ಕೊಡಲಿಲ್ಲ, ನಾನೇ ಸರಕಾರಕ್ಕ ಬೆರಳು ಕೊಟ್ಟೆ" ಎಂದು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದರು.

ನನ್ನ ಬೆರಳುಗಳೆಲ್ಲ ಉಳಿದಿದ್ದವು. ಕಲಬುರ್ಗಿಯ ಸ್ಟೇಶನ್ನಿನಲ್ಲಿ ಇಳಿದಾಗ ಅವ್ವ ಅವನ್ನು ಒಂದೊಂದಾಗಿ ಹಿಡಿದು ನೋಡಿದಳು. ಎಲ್ಲ ಸರಿಯಿದೆ ಎಂದು ಮನೆಯವರೂ ತಿಳಿದರು, ನಾನೂ ತಿಳಿದೆ. ಮೊದಲ ರಾತ್ರಿ ಮಾಳಿಗೆಯ ಮೇಲೆ ಮಲಗಿದೆ. ನಿದ್ದೆ ಬರುವ ಹೊತ್ತಿಗೆ ಮೈ ಬೆಚ್ಚಗಾಯಿತು. ಎಲ್ಲರಿಗೂ ಆಗುತ್ತದೆ, ನಿದ್ದೆಯೆಂದರೆ ಅಷ್ಟೇ. ಆದರೆ ನನಗೆ ಗೊತ್ತಿದ್ದ ಬಿಸುಪು ಅದು. ಚೀರಿಕೊಂಡು ಎದ್ದು ಕೂತೆ. ಕೈ ಅಂಗಿಯ ಗುಂಡಿಯ ಮೇಲಿತ್ತು.

ಅಲ್ಲಿಂದ ತಿಂಗಳುಗಟ್ಟಲೆ ಹೀಗೇ. ಚಳಿಗೆ ನಾನು ಹೆದರಲಿಲ್ಲ, ಸುಖಕ್ಕೆ ಹೆದರಿದೆ. ಅದನ್ನು ಯಾರಿಗೆ ಹೇಳುವುದು? ಕಲಬುರ್ಗಿಯ ಬೇಸಿಗೆಯಲ್ಲಿ ಬೆಚ್ಚಗಾದರೆ ಹೆದರಿಕೆ ಎಂದರೆ ಯಾರು ನಂಬುತ್ತಾರೆ? ಹಿಮದಲ್ಲಿ ಚಳಿ ಹೊಕ್ಕಿದೆ ಎಂದು ಅವ್ವ ಎರಡು ಕಂಬಳಿ ಹೊದಿಸಿದಳು. ನಾನು ಒದ್ದು ಎಸೆದೆ. ಗುಡಿಗೆ ಹರಕೆ ಹೊತ್ತಳು, ದರ್ಗಾದಿಂದ ತಾಯತ ತಂದು ಕಟ್ಟಿದಳು. ಅಪ್ಪ ನನ್ನ ಹಾಸಿಗೆಯ ಪಕ್ಕ ತನ್ನ ಹಾಸಿಗೆ ಹಾಸಿಕೊಂಡ. ಅವನಿಗೂ ನಿದ್ದೆ ಇಲ್ಲದಂತಾಯಿತು.

ಆ ನಡುವೆ ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ನನಗೆ ಅದು ಬಹಳ ಬೇಕಾಗಿತ್ತು. ಮನುಷ್ಯರ ನಡುವೆ ಮನುಷ್ಯನಾಗಿ ನಿಲ್ಲಲು ಅದೊಂದೇ ದಾರಿ ಎಂದುಕೊಂಡಿದ್ದೆ. ಸೇರಿ ಸ್ವಲ್ಪ ದಿನಕ್ಕೆ, ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗನೊಬ್ಬ ಯಾವುದಕ್ಕೋ ನಕ್ಕ. ಮುಖ ಅರಳಿಸಿಕೊಂಡು, ನನ್ನ ಕಡೆ ನೋಡಿ. ನಾನು ಪುಸ್ತಕ ಅಲ್ಲೇ ಬಿಟ್ಟು ತರಗತಿಯಿಂದ ಹೊರಗೆ ಓಡಿದೆ. ಊರವರು ಅಪ್ಪನ ಕೆರೆ ಎನ್ನುವ ಕೆರೆಯ ಏರಿಯ ಮೇಲೆ ಬಂದು ನಿಂತ ಮೇಲೇ ನನಗೆ ನಾನೆಲ್ಲಿದ್ದೇನೆಂದು ತಿಳಿದದ್ದು.

ಹೆಡ್‌ಮಾಸ್ತರರು ಒಳ್ಳೆಯವರು. ಮನೆಗೇ ಬಂದರು. "ಬೇಟಾ, ದಸರಾ ರಜಾ ಮುಗಿಯೋ ತನಕ ಆರಾಮ ತಗೋ. ಆಮ್ಯಾಲೂ ಹಿಂಗೇ ಆದ್ರ ನಾ ಬ್ಯಾರೆಯವರನ್ನ ನೋಡಬೇಕಾಗ್ತದ. ಹುಡುಗರು ನಗಬಾರದು ಅಂತ ಹುಕುಂ ಹೊರಡಸಾಕ ಆಗಂಗಿಲ್ಲಲ್ಲ" ಎಂದರು.

ಅದೇ ವಾರ ಅಂಗಡಿಗೆ ಬಂದ ಕಮಲಾಪುರದ ಗಿರಾಕಿಯೊಬ್ಬ ಅಪ್ಪನ ಮುಂದೆ ತನ್ನೂರಿನ ಹೊಸ ಡಾಕ್ಟರನ್ನು ಬಣ್ಣಿಸಿದನಂತೆ. "ಕುಂಟ್ತಾರ್ರೀ, ಆದ್ರ ಏನ್ ಬೈತಾರ್ರೀ! ಬೈಗಳ ಕೇಳೇ ಅರ್ಧಾ ಜಡ್ಡು ಹೋಗ್ತದ." ಅಪ್ಪ ಅಂದು ಸಂಜೆಯೇ ನನಗೊಂದು ಎತ್ತಿನ ಗಾಡಿ ಗೊತ್ತು ಮಾಡಿದ.

ಕಮಲಾಪುರದ ದವಾಖಾನೆಯೆಂದರೆ ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ಬಾಳೆಯ ತೋಟ. ಪಡಸಾಲೆ ತುಂಬ ಮಂದಿ. ಅವರ ತಲೆಗಳ ಮೇಲಿಂದ ಸಾಹೇಬರು ನನ್ನನ್ನು ನೋಡಿದರು. ಮೀಸೆಗೆ ಮೇಣ ಹಚ್ಚುವುದು ಬಿಟ್ಟಿರಲಿಲ್ಲ.

"ಏ ಕಾಲೇಜ್! ಇನ್ನೂ ಬದಕಿದ್ದಿ? ಆ ಮುದುಕಿ ಹಿಂದ ನಿಂದ್ರು. ಪಾಳಿ ಬಂದ್ಮ್ಯಾಲ ಬಾ."

ಬೆನ್ನಿಗೆ ಕುರು ಎದ್ದಿದ್ದ ಆ ಮುದುಕಿಯ ಹಿಂದೆ ನಿಂತೆ. ನನ್ನ ಪಾಳಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅವರು ನಾಡಿ ನೋಡಲಿಲ್ಲ. ತೋಟಕ್ಕೆ ಕರೆದೊಯ್ದು, ಒಂದು ಕೆಂಪು ಬಾಳೆಯ ಹಣ್ಣು ಕೊಟ್ಟು, "ತಿಂದು ಮಾತಾಡು" ಎಂದರು. ನಾನು ತಿಂದೆ.

ಮಾತು ಅವರೇ ಶುರು ಮಾಡಿದರು. "ಚಳಿ ಹೊಕ್ಕಾದ ಅಂತ ಮನಿಯವರು ಕಂಬಳಿ ಹೊದಸ್ಯಾರ. ಹೌದಿಲ್ಲೋ?"

"ಹೌದ್ರಿ."

"ನಿದ್ದಿ ಬರೋ ಮುಂದ ಮೈ ಬೆಚ್ಚಗಾಗ್ತದ. ಆವಾಗ ಜೀವ ಹಾರಿ ಎದ್ದು ಕೂಡ್ತಿ."

ನನ್ನ ಕೈಯಿಂದ ಸಿಪ್ಪೆ ಕೆಳಗೆ ಬಿತ್ತು. "ನಿಮಗ ಹ್ಯಾಂಗ ಗೊತ್ತಾತ್ರಿ?"

"ನಾ ಎದ್ದು ಕೂತಾಗ ನನ್ನ ಹೆಂಡತಿ ಬೈತಾಳ."

ಅಷ್ಟೇ ಮಾತು. ಅದನ್ನು ಕೇಳಿ ನಾನು ಮಗುವಿನ ಹಾಗೆ ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ಬಾಳೆಗಿಡದ ಒಣಗಿದ ಎಲೆಗಳನ್ನು ಕಿತ್ತು ಒಟ್ಟುತ್ತಾ ನಿಂತರು. ಅತ್ತು ಮುಗಿದ ಮೇಲೆ ಒಳಗೆ ಕರೆತಂದು, ಪಡಸಾಲೆಯ ಮೂಲೆಯ ಮಂಚ ತೋರಿಸಿದರು.

"ಮಲಕೋ. ನಾ ಇಲ್ಲೇ ಕೂತು ಜಡ್ಡಿನವರಿಗಿ ನೋಡ್ತೀನಿ. ನೀ ನಕ್ಕರ ಎಬ್ಬಸ್ತೀನಿ."

ನಕ್ಕರೆ ಎಬ್ಬಿಸುತ್ತೇನೆ. ಈ ಮಾತು ಈ ಲೋಕದಲ್ಲಿ ಅವರೊಬ್ಬರು ಮಾತ್ರ ನನಗೆ ಹೇಳಬಲ್ಲವರಾಗಿದ್ದರು.

ದಸರಾ ರಜೆಯನ್ನು ನಾನು ಅಲ್ಲೇ ಕಳೆದೆ. ಹಗಲು ಆ ಮಂಚದ ಮೇಲೆ ಮಲಗುತ್ತಿದ್ದೆ. ಪಕ್ಕದಲ್ಲಿ ಸಾಹೇಬರ ಗದ್ದಲ ನಡೆದೇ ಇರುತ್ತಿತ್ತು. "ಗೋಳಿ ನುಂಗಂದ್ರ ತಾಳಿಗಿ ಕಟಗೊಂಡೀಯಲ್ಲಬೇ! ಅದೇನ್ ತಾಯತಾ?" "ಹುಣ್ಣಿಗೆ ಸಗಣಿ ಹಚ್ಚಿದ ಶಾಣ್ಯಾ ಯಾವಾಂವ? ಕರೀ ಅವನಿಗಿ." ಬಿಸುಪು ಬರುತ್ತಿತ್ತು, ನಾನು ಬೆಚ್ಚುತ್ತಿದ್ದೆ, ಕಣ್ಣು ತೆರೆದರೆ ಅವರು ಯಾರದೋ ಕಿವಿಗೆ ಔಷಧಿ ಬಿಡುತ್ತಿರುತ್ತಿದ್ದರು. ಮತ್ತೆ ಕಣ್ಣು ಮುಚ್ಚುತ್ತಿದ್ದೆ. ಒಂದು ದಿನ ಯಾರೋ ಹೆಂಗಸು, "ಯಾರ್ರೀ ಇವ್ರು? ಜೀವ ಅದನೋ ಇಲ್ಲೋ?" ಎಂದು ಕೇಳಿದ್ದು ಅರೆನಿದ್ದೆಯಲ್ಲಿ ಕೇಳಿಸಿತು.

"ಕಲಬುರ್ಗಿ ಸಾವಕಾರ ಇದ್ದಾನ. ಅವರೂರಾಗ ನಿದ್ದಿ ತುಟ್ಟಿ ಆಗ್ಯಾದಂತ, ಇಲ್ಲಿ ಬಂದಾನ."

ಹೀಗೆ ಹಗಲಿನ ನಿದ್ದೆ ತುಸುತುಸುವಾಗಿ ಕೂಡಿ ಬಂತು. ರಾತ್ರಿಯದು ಬರಲಿಲ್ಲ. ರಾತ್ರಿ ಇಬ್ಬರೂ ಎದ್ದು ಕೂಡುತ್ತಿದ್ದೆವು. ನಾನು ಪಡಸಾಲೆಯಲ್ಲಿ, ಅವರು ಒಳಗೆ. ಒಳಗಿನಿಂದ ಕೆಮ್ಮು ಕೇಳಿಸಿದರೆ ಅವರೂ ಎದ್ದಿದ್ದಾರೆಂದು ತಿಳಿಯುತ್ತಿತ್ತು. ಅವರು ನನಗೆ ತಾವು ಗುಣವಾದವರಂತೆ ಎಂದೂ ತೋರಿಸಿಕೊಳ್ಳಲಿಲ್ಲ. ಅದಕ್ಕಾಗಿಯೇ ಅವರ ಮಾತು ನನಗೆ ಹತ್ತುತ್ತಿತ್ತು ಎಂದು ಕಾಣುತ್ತದೆ. ಅವರ ಹೆಂಡತಿ, ಬಹಳ ಕಡಿಮೆ ಮಾತಿನ ಅಕ್ಕಾವರು, ಬೆಳಗ್ಗೆ ಇಬ್ಬರಿಗೂ ಒಂದೇ ಪಾತ್ರೆಯಿಂದ ಚಹಾ ಸುರಿದು ಕೊಡುತ್ತಿದ್ದರು.

ರಜೆ ಮುಗಿಯಿತು. ಮರುದಿನ ಬೆಳಗ್ಗೆ ಗಾಡಿ ಬರಬೇಕು, ಅದರ ಮರುದಿನ ಸಾಲೆ. ಸಂಜೆ ಅಕ್ಕಾವರು ರೊಟ್ಟಿ, ಪುಂಡಿಪಲ್ಯ ಬಡಿಸಿದರು. ನಾನು ರೊಟ್ಟಿ ಮುರಿಯುತ್ತಾ ಕೂತೆ. ತರಗತಿಯಲ್ಲಿ ಆ ಹುಡುಗ ಮತ್ತೆ ನಗುತ್ತಾನೆ, ನಾನು ಮತ್ತೆ ಓಡುತ್ತೇನೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಸಾಹೇಬರು ಕೈತೊಳೆದು ಬಂದು, ಎರಡು ಮಂಚ ಎಳೆಸಿ ಅಂಗಳದಲ್ಲಿ ಅಕ್ಕಪಕ್ಕ ಹಾಕಿಸಿದರು.

"ಇವತ್ತು ಪಹರೆ ನಂದು. ನೀ ಮಲಕೋ."

"ನೀವು?"

"ಪಹರೆಯಾಂವ ಮಲಗ್ತಾನೇನು? ಕಾಲೇಜಿನಾಗ ಇಷ್ಟೂ ಕಲಸಲಿಲ್ಲ?"

ನಾನು ಮಲಗಿದೆ. ಅವರು ತಮ್ಮ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು, ನಶ್ಯದ ಡಬ್ಬಿ ತೆಗೆದರು. ಸ್ವಲ್ಪ ಹೊತ್ತಿಗೆ ಬಿಸುಪು ಪಾದದಿಂದ ಏರತೊಡಗಿತು.

"ಸಾಹೇಬ್ರೇ, ಇದ್ದೀರಿ?"

"ಇದ್ದೀನಿ. ಮಲಕೋ ಮಗನ."

ಮತ್ತೆ ಏರಿತು. ಮೊಣಕಾಲು ದಾಟಿತು, ಎದೆಗೆ ಬಂತು. ನನ್ನ ಕೈ ಎಲ್ಲಿದೆ ಎಂದು ನೋಡಿಕೊಳ್ಳಬೇಕು ಅನಿಸಿತು. ನೋಡಿಕೊಳ್ಳಲಿಲ್ಲ. ಅವರಿದ್ದಾರಲ್ಲ ಎಂದುಕೊಂಡೆ.

ಕಣ್ಣು ತೆರೆದಾಗ ಬಿಸಿಲು ನನ್ನ ಮುಖದ ಮೇಲಿತ್ತು. ಎಳೆಬಿಸಿಲಲ್ಲ, ಬೇವಿನ ಗಿಡದ ನೆರಳು ಆಗಲೇ ಮೊಟಕಾಗಿತ್ತು. ಅಂಗಳದ ತುಂಬ ಮಂದಿ ಕೂತಿದ್ದರು. ಜ್ವರದ ಕೂಸು ಹೊತ್ತವರು, ಕೈ ಮುರಿದುಕೊಂಡವನು, ಬೆನ್ನಿನ ಕುರುವಿನ ಮುದುಕಿ. ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಅಳಲು ಬಾಯಿ ತೆರೆದ ಕೂಸಿಗೆ ತಾಯಿ ಅವಸರದಿಂದ ಮೊಲೆ ಕೊಟ್ಟಳು. ನನ್ನ ಗಾಡಿಯವನು ಎತ್ತಿನ ಕೊರಳ ಗಂಟೆಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಪಕ್ಕದ ಮಂಚದಲ್ಲಿ ಪಹರೆಯವರು ಅಂಗಾತ ಬಿದ್ದಿದ್ದರು. ಬಾಯಿ ತೆರೆದಿತ್ತು. ಮೀಸೆಯ ಒಂದು ಕಡೆ ಚಪ್ಪಟೆಯಾಗಿತ್ತು. ಗೊರಕೆ ಅಂಗಳವನ್ನೆಲ್ಲ ತುಂಬಿತ್ತು.

ನಾನು ಎದ್ದು ಕೂಡಲು ಹೋದೆ. ಮುದುಕಿ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು. "ಹಂಗೇ ಇರಪ್ಪಾ. ಮಂಚ ಕಿರ್ ಅಂದ್ರ ಎದ್ದಾನು."

ಅಕ್ಕಾವರು ಹೊಸ್ತಿಲ ಮೇಲೆ ಕೂತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದರು. "ಗುಡ್ಡದಿಂದ ಬಂದ್ಮ್ಯಾಲ ಇವತ್ತೇ ನೋಡ್ರಿ ತಮ್ಮಾ, ಇವ್ರು ಬೆಳತನಕ ಮಲಗಿದ್ದು."

ಗಾಡಿಯವನು ಬಿಸಿಲ ಕಡೆ ಕೈ ತೋರಿಸಿದ. ತಡಿ ಎಂದು ನಾನು ಸನ್ನೆ ಮಾಡಿದೆ. ಮಂಚ ಸದ್ದು ಮಾಡದ ಹಾಗೆ ಮೆಲ್ಲಗೆ ಒರಗಿ, ಮತ್ತೆ ಕಣ್ಣು ಮುಚ್ಚಿದೆ.